ಕಿತ್ತ ಹಲ್ಲು ಬಿಸಾಕೋಕೆ ಮುಂಚೆ ಡಾಕ್ಟ್ರನ್ನ ಒಂದ್ ಮಾತು ಕೇಳ್ರಿ

ನಮಸ್ಕಾರ್ರೀ ಎಲ್ರಿಗೂ. ದಾವಣಗೆರೆಲಿ ಬಾಪೂಜಿ ಡೆಂಟಲ್ ಕಾಲೇಜ್ ಒಂದು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಇನ್ನೊಂದು, ಆ ಕಡೆ ಚಿತ್ರದುರ್ಗಕ್ಕೆ ಹೋದ್ರೆ ಎಸ್‌ಜೆಎಂ, ಪ್ರೈವೇಟ್ ಕ್ಲಿನಿಕ್‌ಗಳಂತೂ ಬಿಡ್ರಿ, ಒಟ್ನಲ್ಲಿ ನಮ್ ಕಡೆ ಕಿತ್ತ ಹಲ್ಲಿಗೆ ಬರ ಇಲ್ಲ. ಆ ಹಲ್ಲೆಲ್ಲ ಹೋಗೋದು ಎಲ್ಲಿಗೆ? ಬಹುಪಾಲು ಆಸ್ಪತ್ರೆ ಕಸಕ್ಕೆ. ಅದೇ ಹಲ್ಲನ್ನ ಅರೆದು ಪುಡಿ ಮಾಡಿ ಅವರದೇ ದವಡೆಗೆ ಮೂಳೆ ಪುಡಿಯಾಗಿ ತುಂಬ್ಬಹುದು. ನನ್ನ ತಕರಾರು ಇಷ್ಟೇ, ಈ ಕೈಯಲ್ಲಿ ಪೇಷೆಂಟ್ ಹಲ್ಲು ಕಸಕ್ಕೆ ಹಾಕಿ, ಆ ಕೈಯಲ್ಲಿ ಅದೇ ಪೇಷೆಂಟ್‌ಗೆ "ದವಡೆಲಿ ಮೂಳೆ ಸಾಲಲ್ಲಮ್ಮ, ಬೋನ್ ಪೌಡರ್ ಹಾಕ್ಬೇಕು" ಅಂತ ಎಸ್ಟಿಮೇಟ್ ಬರ್ಕೊಡ್ತಾರೆ, ಆ ಪುಡಿ ಯಾವುದ್ರದ್ದು ಅಂತ ಮಾತ್ರ ಬಾಯಿ ಬಿಡಲ್ಲ.

ಪುಡಿ ಬೇಕಾಗೋದೇನೋ ನಿಜ. ಹಲ್ಲು ಕಿತ್ತ ಜಾಗದ ಮೂಳೆ ಸುಮ್ನೆ ಇರಲ್ಲ, ಕರಗ್ತಾ ಹೋಗುತ್ತೆ, ವರ್ಷದೊಳಗೆ ಅಗಲದಲ್ಲಿ ಹೆಚ್ಚುಕಮ್ಮಿ ಅರ್ಧ ಹೋಗ್ಬಿಡುತ್ತೆ, ಅದರಲ್ಲೂ ಜಾಸ್ತಿ ಹೋಗೋದು ಮೊದಲ 3 ತಿಂಗಳಲ್ಲೇ. ಆಮೇಲೆ ಕೃತಕ ಹಲ್ಲು ಕೂರಿಸೋ ಇಂಪ್ಲಾಂಟ್ ಸ್ಕ್ರೂ ಹಾಕ್ತೀವಿ ಅಂದ್ರೆ ಹಿಡ್ಕೊಳ್ಳೋಕೆ ಜಾಗ ಬೇಕಲ್ಲ.

ನಮ್ ಅತ್ತೆಗೆ ಹಿಂಗೇ ಆಯ್ತು. ದಿನಾ ಇಷ್ಟಲಿಂಗ ಪೂಜೆ ಆಗ್ದೆ ನೀರೂ ಕುಡಿಯೋರಲ್ಲ, ಮೊಟ್ಟೆ ಹಾಕಿದ ಕೇಕ್ ಮುಟ್ಟಲ್ಲ. ಕ್ಲಿನಿಕ್ ಹೆಸ್ರು ಬೇಡ ಬಿಡ್ರಿ. ಟೇಬಲ್ ಮೇಲೆ ಹೆಬ್ಬೆರಳಷ್ಟು ಗಾಜಿನ ಬಾಟ್ಲಿ ಇತ್ತು, ಒಳಗೆ ಬೆಳ್ಳಗೆ ಹರಳು ಹರಳು, ತಿರುಗಿಸಿ ಲೇಬಲ್ ಓದಿದ್ರೆ ಸಣ್ಣಕ್ಷರದಲ್ಲಿ ಬೊವೈನ್ ಅಂತ ಇದೆ. ದನದ ಮೂಳೆ. ಆ ಮಾಲು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಎಷ್ಟೋ ವರ್ಷದಿಂದ ಪ್ರಪಂಚದ ತುಂಬ ಹಾಕ್ತಾ ಬಂದಿದಾರೆ, ಒಳಗಿನ ಪ್ರೋಟೀನೆಲ್ಲ ತೆಗೆದು ಬರೀ ಖನಿಜ ಉಳಿಸಿರ್ತಾರೆ. ಆದ್ರೆ ಹಾಕಿಸ್ಕೊಳ್ಳೋರು ಯಾರು ರೀ? ಅತ್ತೆ ತಾನೇ? ಅವ್ರಿಗೆ ಹೇಳ್ಬೇಕೋ ಬೇಡ್ವೋ? ಪುಡಿ ಮೇಲೆ ಮುಚ್ಚೋಕೆ ಕೊಲಾಜನ್ ಅನ್ನೋ ಪ್ರೋಟೀನಿನ ಪೊರೆ ಇರುತ್ತಲ್ಲ, ಅದು ಎಷ್ಟೋ ಸಲ ಹಂದಿದು, ಅದನ್ನ ಕೇಳಿದ್ರೆ ನಮ್ ಊರಲ್ಲಿ ಲಿಂಗಾಯತ್ರು, ಮುಸ್ಲಿಮ್ರು ಇಬ್ರೂ ಒಟ್ಟಿಗೇ ಕುರ್ಚಿಯಿಂದ ಎದ್ದು ಬರ್ತಾರೆ.

ಈಗ ನಮ್ದೇ ಹಲ್ಲಿನ ವಿಷಯಕ್ಕೆ ಬರ್ರಿ. ಹಲ್ಲಿನ ಒಳಗಿನ ಡೆಂಟಿನ್ ಅನ್ನೋದಿದೆಯಲ್ಲ, ಅದ್ರಲ್ಲಿ ತೂಕದ ಲೆಕ್ಕದಲ್ಲಿ ಸುಮಾರು 70 ಪರ್ಸೆಂಟ್ ಖನಿಜ, 20 ಪರ್ಸೆಂಟ್ ಕೊಲಾಜನ್ನು ಮತ್ತಿತರ ಪ್ರೋಟೀನು, ಉಳಿದದ್ದು ನೀರು, ಮೂಳೆಯ ಲೆಕ್ಕವೂ ಇದರ ಹತ್ರಹತ್ರನೇ. ಹಂಗಾಗಿ ಹಲ್ಲನ್ನ ಮೂಳೆ ಪುಡಿಯಾಗಿ ಬಳಸ್ಬಹುದು ಅನ್ನೋದು ನಿನ್ನೆ ಮೊನ್ನೆ ಹೊಳೆದಿದ್ದಲ್ಲ. ಅಮೆರಿಕದ ಮೂಳೆ ಡಾಕ್ಟ್ರು ಮಾರ್ಷಲ್ ಯೂರಿಸ್ಟ್ 1965ರಲ್ಲೇ ಖನಿಜ ತೆಗೆದ ಮೂಳೆನ ಪ್ರಾಣಿಗಳ ಮಾಂಸಖಂಡದೊಳಗೆ ಇಟ್ರೆ ಅಲ್ಲಿ ಹೊಸ ಮೂಳೆ ಹುಟ್ಟುತ್ತೆ ಅಂತ ತೋರಿಸಿದ್ರು, ಎರಡು ವರ್ಷಕ್ಕೆ ಡೆಂಟಿನ್‌ದೂ ಅದೇ ಕಥೆ ಅಂತ ಬಂತು. ಕೊರಿಯಾದಲ್ಲಂತೂ ಕಿತ್ತ ಹಲ್ಲು ಕಳ್ಸಿದ್ರೆ ಪುಡಿನೋ ಬ್ಲಾಕೋ ಮಾಡಿ ವಾಪಸ್ ಕೊಡೋ ಟೂತ್ ಬ್ಯಾಂಕೇ ಶುರುವಾಯ್ತು.

ಈಗ ಕಳ್ಸೋದೂ ಬೇಡ, ಕುರ್ಚಿ ಪಕ್ಕದಲ್ಲೇ ಆಗುತ್ತೆ. ಹಲ್ಲು ಕಿತ್ತು, ಹುಳುಕು, ಫಿಲ್ಲಿಂಗ್, ಕ್ಯಾಪ್, ಬೇರಿಗೆ ಅಂಟಿರೋ ನಾರು ಎಲ್ಲ ಡೆಂಟಿಸ್ಟ್ ಡ್ರಿಲ್‌ನಿಂದ ಕೆರೆದು ತೆಗೀತಾರೆ, ಚೆನ್ನಾಗಿ ಒಣಗಿಸ್ತಾರೆ, ಗ್ರೈಂಡರ್‌ಗೆ ಹಾಕಿದ್ರೆ ಕೆಲವೇ ಸೆಕೆಂಡು. ಜರಡಿ ಹಿಡಿದು 300ರಿಂದ 1200 ಮೈಕ್ರಾನ್ ಇರೋ ಕಾಳು ಮಾತ್ರ ಇಟ್ಕೊಳ್ತಾರೆ, ನೋಡೋಕೆ ಥೇಟ್ ಉಪ್ಪಿಟ್ಟು ರವೆ. ಅದನ್ನ ಸೋಡಿಯಂ ಹೈಡ್ರಾಕ್ಸೈಡ್, ಆಲ್ಕೋಹಾಲ್ ಬೆರೆಸಿದ ನೀರಲ್ಲಿ 10 ನಿಮಿಷ ನೆನೆಸಿ ಬ್ಯಾಕ್ಟೀರಿಯಾ ಕೊಂದು, ತೊಳೆದು, ಕಿತ್ತ ಗುಣಿಗೇ ತುಂಬ್ತಾರೆ. ತಿಂಗಳುಗಟ್ಟಲೆ ಟೈಮ್ ತಗೊಂಡು ದೇಹ ಆ ಕಾಳನ್ನ ಒಂದೊಂದೇ ತಿಂದು ಆ ಜಾಗದಲ್ಲಿ ಮೂಳೆ ಕಟ್ಕೊಳ್ಳುತ್ತೆ. ಬಿದ್ದು ಉದುರಿದ ಹಲ್ಲನ್ನ ವಾಪಸ್ ಕೂರಿಸಿದಾಗ ಎಷ್ಟೋ ಸಲ ಬೇರು ಮೂಳೆಗೆ ಅಂಟ್ಕೊಂಡು ನಿಧಾನಕ್ಕೆ ತಾನೇ ಮೂಳೆಯಾಗ್ಬಿಡುತ್ತೆ, ಡೆಂಟಿಸ್ಟ್‌ಗಳಿಗೆ ಇದು ಹಳೇ ತಲೆನೋವು, ಇಲ್ಲಿ ಅದೇ ಗುಣ ಉಪಯೋಗಕ್ಕೆ ಬಂತು ನೋಡ್ರಿ.

ಹಂಗಂತ ಪವಾಡ ಗಿವಾಡ ಅಂತ ರೀಲ್ಸ್ ಮಾಡೋರ ಮಾತು ನಂಬ್ಬೇಡ್ರಿ. ಬಂದಿರೋ ರಿಸಲ್ಟ್ ಮೂಳೆ ತುಂಬೋ ಬೇರೆ ಪುಡಿಗಳಿಗೆ ಸಮಸಮ ಇದೆ, ಆದ್ರೆ ಸ್ಟಡಿಗಳು ಬಹಳಷ್ಟು ಚಿಕ್ಕವು. ರೂಟ್ ಕೆನಾಲ್ ಆಗಿರೋ ಹಲ್ಲನ್ನ ಸಾಮಾನ್ಯವಾಗಿ ತಗೊಳ್ಳಲ್ಲ, ಒಳಗೆ ರಬ್ಬರ್, ಸಿಮೆಂಟ್ ಸೇರಿರುತ್ತೆ. ಪೂರ್ತಿ ಹುಳುಕಾಗಿ ಹೋದ್ರೆ ಅರೆಯೋಕೆ ಉಳಿಯೋದೇ ಇಲ್ಲ. ಕೆಲಸಕ್ಕೆ ಬಾರದ ಬುದ್ಧಿ ಹಲ್ಲು ಅದೇ ದಿನ ಕೀಳೋದಿದ್ರೆ ಅದನ್ನ ಬಳಸ್ಬಹುದು. ಶುಗರ್ ಕಂಟ್ರೋಲ್‌ನಲ್ಲಿ ಇಲ್ದಿದ್ರೆ, ಬೀಡಿ ಸಿಗರೇಟು ಬಿಡಲ್ಲ ಅಂದ್ರೆ ಯಾವ ಪುಡಿ ಹಾಕಿದ್ರೂ ಗಾಯ ಮಾಯೋದು ಕಷ್ಟಾನೇ.

ಎಲ್ಲಾ ಕ್ಲಿನಿಕ್‌ನಲ್ಲೂ ಆ ಮಷೀನ್ ಇರಲ್ಲ, ಅದನ್ನೂ ಒಪ್ತೀನಿ. ಇಲ್ಲ ಅಂದ್ರೆ ಇಲ್ಲ ಅಂತ ಹೇಳ್ಲಿ, ಬಾಟ್ಲಿ ತೋರಿಸ್ಲಿ, ದನದ್ದೋ, ಹೆಣದ ಮೂಳೆದೋ, ಫ್ಯಾಕ್ಟರಿಲಿ ಮಾಡಿದ್ದೋ ಹೇಳಿ ಆಮೇಲೆ ಸಹಿ ಹಾಕಿಸ್ಕೊಳ್ಲಿ. ನೀವೂ ಅಷ್ಟೇ, ಇಂಜೆಕ್ಷನ್ ಕೊಟ್ಟು ಬಾಯಿ ಮರಗಟ್ಟೋಕೆ ಮುಂಚೆನೇ ಕೇಳ್ರಿ, ಆಮೇಲೆ ಕೇಳೋಕೆ ನಾಲಿಗೆ ತಿರುಗಲ್ಲ. ಇನ್ನು ನಿಮ್ ಹಲ್ಲೇ ಅರೆದು ನಿಮಗೇ ಹಾಕಿದ್ರು ಅನ್ಕೊಳ್ರಿ, ಮಷೀನ್ ಖರ್ಚು, ಔಷಧಿ ಖರ್ಚು ಖುಷಿಯಿಂದ ಕೊಡ್ರಿ, ಬಿಲ್‌ನಲ್ಲಿ ಬೋನ್ ಪೌಡರ್ ರೇಟೂ ಸೇರಿದ್ರೆ ಮಾತ್ರ ಕೌಂಟರ್ ಬಿಟ್ಟು ಕದಲ್ಬೇಡ್ರಿ.