ಮತದಾರರ ಪಟ್ಟಿ ಬರೆಯುವವರು ಯಾರು?

ಎಲ್ಲರಿಗೂ ನಮಸ್ಕಾರ. ಮತದಾನದ ದಿನ ಬೂತ್ ಬಾಗಿಲಲ್ಲಿ ಒಂದು ಜಗಳ ನಡೆಯುತ್ತದೆ, ನೀವೂ ನೋಡಿರುತ್ತೀರಿ. "ವೋಟರ್ ಐಡಿ ಇದೆಯಲ್ಲ ಸಾರ್, ಯಾಕೆ ಬಿಡಲ್ಲ?" ಅಂತ ಒಬ್ಬರು. "ಪಟ್ಟಿಯಲ್ಲಿ ಹೆಸರಿಲ್ಲ" ಅಂತ ಅಧಿಕಾರಿ. ಕಾನೂನು ಅಧಿಕಾರಿಯ ಕಡೆಗಿದೆ. ಕಾರ್ಡ್ ಇರುವುದು ಗುರುತಿಗೆ, ಹಕ್ಕು ಬರುವುದು ಪಟ್ಟಿಯಿಂದ. ಹಾಗಾಗಿ ಯಾವ ದೇಶದ ಚುನಾವಣೆ ನೋಡಿದರೂ ನಾನು ಮೊದಲು ಕೇಳುವುದು ಒಂದೇ: ಪಟ್ಟಿ ಬರೆಯುವ ಕೆಲಸ ಯಾರದು?

ಜರ್ಮನಿಯಲ್ಲಿ ಅದು ಸರ್ಕಾರದ್ದು. ಮನೆ ಬದಲಿಸಿದವರು ಊರಿನ ಕಚೇರಿಗೆ ವಿಳಾಸ ಕೊಡಲೇಬೇಕು. ಮತದಾರರ ಪಟ್ಟಿ ಆ ದಾಖಲೆಯಿಂದಲೇ ತಯಾರಾಗುತ್ತದೆ. ಅಲ್ಲೇ ವಾಸ ಇರುವವರು ಅರ್ಜಿ ಹಾಕಬೇಕಿಲ್ಲ. ಮತದಾನಕ್ಕೆ 21 ದಿನ ಇರುವಾಗಲೇ ಮನೆಗೆ ಸೂಚನಾ ಪತ್ರ ಬಂದಿರಬೇಕು. ಸ್ವೀಡನ್‌ನಲ್ಲಿ ಜನರ ವಿಳಾಸ ಇಟ್ಟುಕೊಳ್ಳುವುದು ತೆರಿಗೆ ಇಲಾಖೆ, ಮತದಾರರ ಪಟ್ಟಿಯೂ ಅದರಿಂದಲೇ. ತೆರಿಗೆಯವರಿಂದ ತಪ್ಪಿಸಿಕೊಂಡವರುಂಟಾ?

ಆಸ್ಟ್ರೇಲಿಯಾದಲ್ಲಿ ಹೆಸರು ಸೇರಿಸುವುದು 1911ರಿಂದ ಕಡ್ಡಾಯ, ಮತದಾನ 1924ರಿಂದ. ಬೂತ್‌ನಲ್ಲಿ ಐಡಿ ಕೇಳುವುದಿಲ್ಲ. ಹೆಸರೇನು, ಮನೆ ಎಲ್ಲಿ, ಈ ಚುನಾವಣೆಯಲ್ಲಿ ಆಗಲೇ ಮತ ಹಾಕಿದ್ದೀರಾ? ಅಷ್ಟೇ. ಪಟ್ಟಿ ಗಟ್ಟಿಯಾಗಿದ್ದರೆ ಬಾಗಿಲಲ್ಲಿ ತಪಾಸಣೆ ಸಡಿಲ ಇದ್ದರೂ ನಡೆಯುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಬ್ರಿಟನ್ ಬೇರೆ ದಾರಿ ಹಿಡಿಯಿತು. 2023ರ ಮೇ ತಿಂಗಳ ಸ್ಥಳೀಯ ಚುನಾವಣೆಯಿಂದ ಇಂಗ್ಲೆಂಡಿನ ಬೂತ್‌ಗಳಲ್ಲಿ ಫೋಟೊ ಇರುವ ಗುರುತಿನ ಚೀಟಿ ಬೇಕು.

ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ನಾರ್ತ್ ಡಕೋಟಾದಲ್ಲಿ ನೋಂದಣಿಯೇ ಇಲ್ಲ. ಆರೆಗನ್‌ನಲ್ಲಿ 2016ರಿಂದ ಡ್ರೈವಿಂಗ್ ಲೈಸೆನ್ಸ್ ಮಾಡಿಸಲು ಹೋದ ಅರ್ಹರ ಹೆಸರು ತಾನಾಗಿಯೇ ಪಟ್ಟಿಗೆ ಸೇರುತ್ತದೆ. ಅಲ್ಲಿ ಮತಪತ್ರ ಮನೆಗೇ ಬರುತ್ತದೆ. ತುಂಬಿಸಿ, ಲಕೋಟೆ ಮೇಲೆ ಸಹಿ ಹಾಕಿ ಕಳಿಸಬೇಕು. ಆ ಸಹಿಯನ್ನು ಹಳೆಯ ದಾಖಲೆಯ ಸಹಿ ಜೊತೆ ಹೋಲಿಸುತ್ತಾರೆ. ಹೊಂದದಿದ್ದರೆ ಮತದಾರರಿಗೆ ತಿಳಿಸಿ, ಸರಿಪಡಿಸಲು ಅವಕಾಶ ಕೊಡುತ್ತಾರೆ. ಸಹಿ ಇನ್ನೂ ಕೈಗೆ ಕೂತಿರದ ಹುಡುಗ ಹುಡುಗಿಯರಿಗೆ ಇದು ಜಾಸ್ತಿ ತೊಂದರೆ. ಬ್ಯಾಂಕಿನಲ್ಲಿ ಚೆಕ್ ವಾಪಸ್ ಬಂದವರಿಗೆ ಇದು ಗೊತ್ತು, ಅಲ್ವಾ?

ಪಟ್ಟಿ ಸರ್ಕಾರವೇ ಬರೆಯುವುದು ಒಂದು ದಾರಿ, ಮತದಾರರೇ ಅರ್ಜಿ ಹಾಕುವುದು ಇನ್ನೊಂದು. ನಮ್ಮ ದೇಶದ್ದು ಈ ಎರಡರ ನಡುವೆ. ಬಿಎಲ್ಒ, ಅಂದರೆ ಬೂತ್ ಮಟ್ಟದ ಅಧಿಕಾರಿ, ಮನೆಗೆ ಬರುತ್ತಾರೆ, ಆದರೆ ಹೊಸಬರು ಹೆಸರು ಸೇರಿಸುವ ಅರ್ಜಿಯಾದ ಫಾರ್ಮ್ 6 ತುಂಬಲೇಬೇಕು. ಮೊದಲು 18 ತುಂಬಿತೇ ಅಂತ ಲೆಕ್ಕ ಹಾಕಲು ಜನವರಿ 1 ಒಂದೇ ದಿನ ಇತ್ತು. ಈಗ ವರ್ಷಕ್ಕೆ ನಾಲ್ಕು ದಿನ ಇವೆ. ದುಬೈಯಲ್ಲೋ ಡಲ್ಲಾಸ್‌ನಲ್ಲೋ ಇರುವ, ಭಾರತದ ಪಾಸ್‌ಪೋರ್ಟ್ ಇರುವ ಕನ್ನಡಿಗರು ಫಾರ್ಮ್ 6ಎ ತುಂಬಬಹುದು. ಮತ ಹಾಕಲು ಮಾತ್ರ ಊರಿಗೇ ಬರಬೇಕು. ಟಿಕೆಟ್ ದರ ನೋಡಿದರೆ ಇದು ಸುಮ್ನೆ ಕೊಟ್ಟ ಹಕ್ಕಿನ ಹಾಗೆ ಕಾಣುತ್ತದೆ.

ಇನ್ನು ಹಾಕಿದ ಮತದ ಪರಿಶೀಲನೆ. 2009ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ ಅಲ್ಲಿ ಬಳಸಿದ್ದ ಮತಯಂತ್ರಗಳನ್ನು ಒಪ್ಪಲಿಲ್ಲ. ತಾಂತ್ರಿಕ ಜ್ಞಾನ ಇಲ್ಲದವರೂ ಎಣಿಕೆಯ ಮುಖ್ಯ ಹಂತಗಳನ್ನು ಪರೀಕ್ಷಿಸುವಂತಿರಬೇಕು ಅಂತ ಅದರ ವಾದ. ನಮ್ಮಲ್ಲಿ ಯಂತ್ರ ಉಳಿಯಿತು, ಜೊತೆಗೆ ಯಾರಿಗೆ ಮತ ಬಿತ್ತು ಅಂತ ಚೀಟಿ ಮುದ್ರಿಸಿ ತೋರಿಸುವ ವಿವಿಪ್ಯಾಟ್ ಬಂತು. ಚೀಟಿ 7 ಸೆಕೆಂಡ್ ಕಾಣಿಸಿ ಡಬ್ಬಕ್ಕೆ ಬೀಳುತ್ತದೆ. 2019ರಿಂದ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ 5 ಬೂತ್‌ಗಳ ಚೀಟಿಗಳನ್ನು ಎಣಿಸಿ ತಾಳೆ ನೋಡುತ್ತಾರೆ. ಎಲ್ಲವನ್ನೂ ಎಣಿಸಿ ಅನ್ನುವ ಬೇಡಿಕೆಯನ್ನು 2024ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ನನಗೂ ಎಲ್ಲವೂ ಬೇಕು ಅನಿಸುವುದಿಲ್ಲ. ಆದರೆ ಕ್ಷೇತ್ರ ದೊಡ್ಡದಿರಲಿ ಚಿಕ್ಕದಿರಲಿ, ಗೆಲುವಿನ ಅಂತರ 50 ಇರಲಿ 50,000 ಇರಲಿ, ಅದೇ 5 ಯಾಕೆ? ಅಂತರ ಕಡಿಮೆ ಇದ್ದ ಕಡೆ ಹೆಚ್ಚು ಚೀಟಿ ಎಣಿಸಬೇಕು. ಅಮೆರಿಕದ ಕೊಲರಾಡೊ ರಾಜ್ಯ 2017ರಿಂದ ಮಾಡುತ್ತಿರುವ ತಪಾಸಣೆಯ ಲೆಕ್ಕ ಇದೇ.