ಗ್ರಾಫಿಕ್ಸ್ ಕಾರ್ಡ್ ಆಮೇಲೆ, ಮೊದಲು ನಿಮ್ಮ ಕ್ಲಿಪ್ ನೋಡಿ: ಅರವತ್ತು ಸಾವಿರದೊಳಗೆ ಎಡಿಟಿಂಗ್ ಕಂಪ್ಯೂಟರ್

[ದೃಶ್ಯ: ಮೇಜಿನ ಮೇಲೆ ಬಿಲ್ಲುಗಳ ಕಂತೆ. ಹಾರಿಹೋಗದಂತೆ ಅದರ ಮೇಲೆ ಇಟ್ಟಿರುವ ಹಳೆಯ ಗ್ರಾಫಿಕ್ಸ್ ಕಾರ್ಡ್. ಪಕ್ಕದಲ್ಲಿ ಫ್ಯಾನ್ ತಿರುಗುತ್ತಿದೆ.]

ನಮಸ್ಕಾರ. ಈ ಕಾಗದಗಳ ಮೇಲೆ ಭಾರಕ್ಕೆಂದು ಇಟ್ಟಿರುವುದು ಜಿಟಿ 730 ಎಂಬ ಗ್ರಾಫಿಕ್ಸ್ ಕಾರ್ಡ್. ಎರಡು ಜಿಬಿ ಮೆಮೊರಿ, ಒಂದು ಪುಟ್ಟ ಫ್ಯಾನ್. ನನ್ನ ಮೊದಲ ಎಡಿಟಿಂಗ್ ಕಂಪ್ಯೂಟರಿಗೆ ಆಸೆಪಟ್ಟು ಹಾಕಿಸಿದ್ದು. ಸಾಗರದಿಂದ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಹೋದೆ. ಎಸ್.ಪಿ. ರಸ್ತೆಯಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅಂಗಡಿ ಅಂಗಡಿ ಸುತ್ತಿದೆ. ಏಳು ಕೊಟೇಶನ್ ಚೀಟಿ ಕೈಗೆ ಬಂದವು, ತಲೆ ಕೆಟ್ಟಿತು. ಕೊನೆಗೆ ಒಬ್ಬ ಅಂಗಡಿಯವರು ಹೇಳಿದರು: 'ಎಡಿಟಿಂಗ್ ಎಂದರೆ ಗ್ರಾಫಿಕ್ಸ್ ಕಾರ್ಡ್ ಇರಲೇಬೇಕು ಸಾರ್. ಪ್ರೊಸೆಸರ್ ಹೆಸರಿನ ಕೊನೆಯಲ್ಲಿ ಎಫ್ ಇರುವುದನ್ನೇ ತೆಗೆದುಕೊಳ್ಳಿ, ಎರಡು ಸಾವಿರ ಉಳಿಯುತ್ತದೆ. ಅದನ್ನು ಕಾರ್ಡಿಗೆ ಹಾಕಿ.'

ಲೆಕ್ಕ ಸರಿಯಾಗಿಯೇ ಕೇಳಿಸಿತು. ಐ5-12400ಎಫ್ ಪ್ರೊಸೆಸರ್ ತೆಗೆದುಕೊಂಡೆ, ಉಳಿದ ಎರಡು ಸಾವಿರಕ್ಕೆ ಇನ್ನಷ್ಟು ಸೇರಿಸಿ ಈ ಕಾರ್ಡನ್ನೂ ತೆಗೆದುಕೊಂಡೆ. ಊರಿಗೆ ಬಂದು, ಮೊಬೈಲಿನಲ್ಲಿ 4ಕೆ ಹಿಡಿದಿದ್ದ ಯಕ್ಷಗಾನದ ಕ್ಲಿಪ್ ಟೈಮ್‌ಲೈನಿಗೆ ಹಾಕಿ ಪ್ಲೇ ಒತ್ತಿದೆ. ವೇಷಧಾರಿ ಒಂದು ಸುತ್ತು ತಿರುಗುವಷ್ಟರಲ್ಲಿ ಮೂರು ಕಡೆ ನಿಂತ. ಚಂಡೆ ಮಾತ್ರ ನಿಲ್ಲದೆ ಬಾರಿಸುತ್ತಿತ್ತು.

ಹಣ ಹಾಕಿದ್ದಕ್ಕೆ ನನಗೆ ದುಃಖವಿಲ್ಲ. ಕಡಿಮೆ ಹಣಕ್ಕೆ ಇದಕ್ಕಿಂತ ಒಳ್ಳೆಯದು ಅದೇ ಅಂಗಡಿಯ ಕಪಾಟಿನಲ್ಲಿ ಇತ್ತಲ್ಲ, ಅದಕ್ಕೆ ದುಃಖ. ಯಾಕೆಂದು ಹೇಳುತ್ತೇನೆ.

[ದೃಶ್ಯ: ಕೆಂಪು ಬಟ್ಟೆಯ ರಟ್ಟಿನ ಜಮಾ-ಖರ್ಚಿನ ಪುಸ್ತಕ. ಪುಟ ತಿರುವುವ ಕೈ.]

ನಿಮ್ಮ ಮೊಬೈಲ್ ಪ್ರತಿಯೊಂದು ಫ್ರೇಮನ್ನೂ ಪೂರ್ತಿ ಚಿತ್ರವಾಗಿ ಬರೆದಿಡುವುದಿಲ್ಲ. ಹಾಗೆ ಬರೆದರೆ ಹತ್ತು ನಿಮಿಷಕ್ಕೇ ಜಾಗ ತುಂಬಿಹೋಗುತ್ತದೆ. ಅದು ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದಂತೆ ಕೆಲಸ ಮಾಡುತ್ತದೆ. ಮೊದಲ ಪುಟದಲ್ಲಿ ಪೂರ್ತಿ ಶಿಲ್ಕು. ಆಮೇಲಿನ ಪುಟಗಳಲ್ಲಿ ಬರೀ ಬಂದದ್ದು, ಹೋದದ್ದು. ಇಪ್ಪತ್ತನೆಯ ಪುಟದಲ್ಲಿ ಕೈಯಲ್ಲಿ ಎಷ್ಟಿತ್ತು ಎಂದು ಕೇಳಿದರೆ ಮೊದಲ ಪುಟದಿಂದ ಕೂಡಿಸಿ ಕಳೆದು ಬರಬೇಕು. ವಿಡಿಯೋವನ್ನು ಹೀಗೆ ಕುಗ್ಗಿಸಿ ಬರೆಯುವ ಎಚ್.264 ಮತ್ತು ಎಚ್.265 ಎಂಬ ಎರಡು ವಿಧಾನಗಳೂ ಇದೇ ಬಗೆಯವು. ಎಚ್.265ಕ್ಕೆ ಎಚ್‌ಇವಿಸಿ ಎಂದೂ ಹೆಸರು. ಸುಮಾರು ಅರ್ಧ ಜಾಗದಲ್ಲಿ ಅಷ್ಟೇ ಚೆಂದದ ಚಿತ್ರ ಕೊಡುತ್ತದೆ, ಅದರ ಬದಲಿಗೆ ಲೆಕ್ಕ ಇನ್ನೂ ಗಂಟುಗಂಟು.

ಸಿನಿಮಾ ನೋಡುವವನಿಗೆ ಇದರಿಂದ ತೊಂದರೆಯಿಲ್ಲ, ಅವನು ಪುಟಗಳನ್ನು ಕ್ರಮವಾಗಿ ತಿರುವುತ್ತಾನೆ. ಎಡಿಟ್ ಮಾಡುವವನು ಮುಂದಕ್ಕೆ ಹಾರುತ್ತಾನೆ, ಹಿಂದಕ್ಕೆ ಎಳೆಯುತ್ತಾನೆ, ಎರಡು ಕ್ಲಿಪ್ ಒಂದರ ಮೇಲೊಂದು ಇಡುತ್ತಾನೆ. ಪ್ರತಿ ಸಲವೂ ಕಂಪ್ಯೂಟರ್ ಹಿಂದಿನ ಶಿಲ್ಕು ಹುಡುಕಿ ಕೂಡಿಸುತ್ತಾ ಬರಬೇಕು.

ಈ ಕೂಡಿಸುವ ಕೆಲಸಕ್ಕೆಂದೇ ಒಬ್ಬ ಗುಮಾಸ್ತನನ್ನು ಇಂಟೆಲ್ 2011ರಿಂದ ತನ್ನ ಪ್ರೊಸೆಸರುಗಳ ಒಳಗಿನ ಗ್ರಾಫಿಕ್ಸ್ ಭಾಗದಲ್ಲಿ ಕೂರಿಸಿದೆ. ಅವನ ಹೆಸರು ಕ್ವಿಕ್ ಸಿಂಕ್. ಪ್ರೊಸೆಸರ್ ಹೆಸರಿನ ಕೊನೆಯಲ್ಲಿ ಎಫ್ ಇದ್ದರೆ ಆ ಗ್ರಾಫಿಕ್ಸ್ ಭಾಗ ಕೆಲಸ ಮಾಡುವುದಿಲ್ಲ. ಗುಮಾಸ್ತ ರಜೆಯ ಮೇಲಲ್ಲ, ಕೆಲಸದಿಂದಲೇ ತೆಗೆದಿದ್ದಾರೆ. ಅವನ ಜಾಗದಲ್ಲಿ ನಾನು ತಂದು ಕೂರಿಸಿದ ಜಿಟಿ 730ಕ್ಕೆ ಎಚ್‌ಇವಿಸಿ ಓದಲೇ ಬರುವುದಿಲ್ಲ, ಅಷ್ಟು ಹಳೆಯ ವಿನ್ಯಾಸ ಅದರದ್ದು. ಎರಡು ಸಾವಿರ ಉಳಿಸಿ, ಅದಕ್ಕಿಂತ ಹೆಚ್ಚು ಕೊಟ್ಟು, ಓದು ಬಾರದವನನ್ನು ಲೆಕ್ಕಕ್ಕೆ ಇಟ್ಟುಕೊಂಡ ಜಾಣ ನಾನು.

[ದೃಶ್ಯ: ಪರದೆಯ ಮೇಲೆ ಮೀಡಿಯಾಇನ್ಫೋ ಕಿಟಕಿ. ಒಂದೊಂದೇ ಸಾಲು ಹೊಳೆಯುತ್ತದೆ.]

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ಮೀಡಿಯಾಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಇದೆ. ನೀವು ದಿನವೂ ಎಡಿಟ್ ಮಾಡುವಂಥ ಒಂದು ಕ್ಲಿಪ್ಪನ್ನು ಅದರಲ್ಲಿ ತೆರೆಯಿರಿ. ನಾಲ್ಕು ಸಾಲು ಸಾಕು: ಎಚ್.264ನೋ ಎಚ್‌ಇವಿಸಿಯೋ, ಎಂಟು ಬಿಟ್ಟೋ ಹತ್ತು ಬಿಟ್ಟೋ, 4:2:0ಯೋ 4:2:2ಓ, ಫ್ರೇಮ್ ದರ, ಅಂದರೆ ಸೆಕೆಂಡಿಗೆ ಬರುವ ಚಿತ್ರಗಳ ಎಣಿಕೆ, ಸ್ಥಿರವೋ ಬದಲಾಗುತ್ತದೋ. ಬಿಟ್ ಮತ್ತು 4:2:0, 4:2:2 ಎಂಬವು ಬಣ್ಣದ ವಿವರ ಎಷ್ಟು ಬರೆದಿಟ್ಟಿದೆ ಎಂದು ಹೇಳುತ್ತವೆ, ಅಂಕಿ ದೊಡ್ಡದಾದಷ್ಟೂ ವಿವರ ಹೆಚ್ಚು.

ಮೊಬೈಲಿನವರಾದರೆ ಹೆಚ್ಚಾಗಿ ನಿಮ್ಮದು 4:2:0. ಇದಕ್ಕೆ ದುಬಾರಿ ಯಂತ್ರ ಬೇಡ. ಮದುವೆಗೆ ಹೋಗುವ ಛಾಯಾಗ್ರಾಹಕರು ಹೊಸ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಹತ್ತು ಬಿಟ್ 4:2:2 ಎಚ್.265 ಹಿಡಿಯುತ್ತಿದ್ದರೆ ಮಾತ್ರ ಕಿವಿಗೊಡಿ. ಈ ಒಂದು ಬಗೆಯನ್ನು ಎನ್‌ವಿಡಿಯಾದ ಆರ್‌ಟಿಎಕ್ಸ್ 30, 40 ಸರಣಿಯ ಕಾರ್ಡುಗಳೂ ಯಂತ್ರದ ಮಟ್ಟದಲ್ಲಿ ಓದುವುದಿಲ್ಲ. 2025ರಲ್ಲಿ ಬಂದ 50 ಸರಣಿಗೆ ಮಾತ್ರ ಬರುತ್ತದೆ. ಆದರೆ ಇಂಟೆಲ್‌ನ 11ನೆಯ ತಲೆಮಾರಿನಿಂದ ಈಚಿನ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್‌ಗೆ ಇದು ನೀರು ಕುಡಿದಷ್ಟು ಸುಲಭ. ಮೂವತ್ತು ಸಾವಿರದ ಕಾರ್ಡ್ ತಡವರಿಸುವ ಕಡೆ ಪ್ರೊಸೆಸರಿನ ಜೊತೆಗೆ ಬಂದದ್ದು ಓಡುತ್ತದೆ. ಇದನ್ನು ಮೊದಲ ಸಲ ಓದಿದಾಗ ನನಗೆ ನಂಬಿಕೆಯೇ ಬರಲಿಲ್ಲ.

ಹಾಗಾದರೆ ಆಯ್ಕೆ ಯಾವುದು? ಐ5-12400, ಎಫ್ ಇಲ್ಲದ್ದು. 2022ರ ಜನವರಿಯಲ್ಲಿ ಬಂದದ್ದು, ಆರು ಕೋರ್, ಹನ್ನೆರಡು ಥ್ರೆಡ್. ಸ್ವಲ್ಪ ಹೆಚ್ಚಿಗೆ ಕೊಡಲು ಸಾಧ್ಯವಾದರೆ ಐ5-12500 ಕೇಳಿ ನೋಡಿ. ಹೆಸರಿನಲ್ಲಿ ನೂರರ ವ್ಯತ್ಯಾಸ, ಆದರೆ ಒಳಗಿನ ಗ್ರಾಫಿಕ್ಸ್ ಬೇರೆ. 12400ರಲ್ಲಿ ಒಬ್ಬ ಗುಮಾಸ್ತ, 12500ರಲ್ಲಿ ಇಬ್ಬರು. ಎರಡು ಮೂರು ಕ್ಯಾಮೆರಾಗಳ ದೃಶ್ಯ ಒಟ್ಟಿಗೆ ಓಡಿಸುವವರಿಗೆ ಇದು ಗೊತ್ತಾಗುತ್ತದೆ. ಅಂಗಡಿಯಲ್ಲಿ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ, ಯಾಕೆಂದರೆ ಕಂಪ್ಯೂಟರ್ ಗೇಮ್ ಆಡುವವರು ಇದನ್ನು ಕೇಳುವುದಿಲ್ಲ. ಅಲ್ಲಿ ಬರುವವರಲ್ಲಿ ಹೆಚ್ಚಿನವರು ಗೇಮಿನವರೇ.

ಎಎಮ್‌ಡಿಯ ರೈಜನ್ 5 5600ಜಿ ಕೂಡ ಕೆಟ್ಟದ್ದಲ್ಲ. ನಿಮ್ಮದು ಮೊಬೈಲ್ ಕ್ಲಿಪ್ ಮಾತ್ರವಾದರೆ, ಬೆಲೆ ಕಡಿಮೆ ಸಿಕ್ಕರೆ, ಧಾರಾಳವಾಗಿ ತೆಗೆದುಕೊಳ್ಳಿ. 4:2:2 ಇದ್ದರೆ ಬೇಡ.

[ದೃಶ್ಯ: ಎಡಿಟಿಂಗ್ ಪರದೆ. ಒಂದೇ ಕ್ಲಿಪ್ ಎರಡು ಸಲ: ಮೊದಲು ತಡವರಿಸುತ್ತಾ, ಆಮೇಲೆ ಸರಾಗವಾಗಿ.]

ಇಲ್ಲಿ ಒಂದು ತೊಡಕು ಇದೆ, ಮುಚ್ಚಿಡುವುದಿಲ್ಲ. ನಮ್ಮಲ್ಲಿ ಬಹಳ ಜನ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಬಳಸುತ್ತಾರೆ. ನಾನೂ ಬಳಸುತ್ತೇನೆ. ಉಚಿತವಾಗಿ ಇಷ್ಟು ಕೊಡುವ ಇನ್ನೊಂದು ಸಾಫ್ಟ್‌ವೇರ್ ನನ್ನ ಕಣ್ಣಿಗೆ ಬಿದ್ದಿಲ್ಲ. ಆದರೆ ವಿಂಡೋಸ್‌ನಲ್ಲಿ ಉಚಿತ ಆವೃತ್ತಿ ಈ ಗುಮಾಸ್ತನನ್ನು ಪೂರ್ತಿ ಬಳಸಿಕೊಳ್ಳುವುದಿಲ್ಲ. ಅದಕ್ಕೆ 295 ಡಾಲರಿನ ಸ್ಟುಡಿಯೋ ಆವೃತ್ತಿ ಬೇಕು. ಒಮ್ಮೆ ಕೊಟ್ಟರೆ ಆಯಿತು, ತಿಂಗಳ ಬಾಡಿಗೆಯಿಲ್ಲ. ಆದರೂ ನಮ್ಮ ಅರವತ್ತು ಸಾವಿರದಲ್ಲಿ ಅದು ದೊಡ್ಡ ಪಾಲು.

ಬಡವನ ದಾರಿಯ ಹೆಸರು ಪ್ರಾಕ್ಸಿ. ಮೂಲ ಕ್ಲಿಪ್ಪಿನ ಒಂದು ಹಗುರ ನಕಲನ್ನು ಸಾಫ್ಟ್‌ವೇರೇ ಮಾಡಿಕೊಡುತ್ತದೆ. ಆ ನಕಲಿನಲ್ಲಿ ಪ್ರತಿ ಪುಟದಲ್ಲೂ ಪೂರ್ತಿ ಶಿಲ್ಕು ಬರೆದಿರುತ್ತದೆ. ಕತ್ತರಿಸುವುದು, ಜೋಡಿಸುವುದು ಎಲ್ಲ ನಕಲಿನ ಮೇಲೆ. ಕೊನೆಗೆ ರೆಂಡರ್ ಮಾಡುವಾಗ ಅದು ಮೂಲಕ್ಕೆ ಹೋಗುತ್ತದೆ. ರಾತ್ರಿ ಊಟಕ್ಕೆ ಏಳುವಾಗ ಪ್ರಾಕ್ಸಿಗೆ ಹಾಕಿ, ಬೆಳಿಗ್ಗೆ ಎದ್ದು ಎಡಿಟ್ ಮಾಡಿ. ಹಳೆಯ ಕಂಪ್ಯೂಟರ್ ಇದ್ದವರು ಹೊಸದು ಕೊಳ್ಳುವ ಮೊದಲು ಒಂದು ವಾರ ಹೀಗೆ ಮಾಡಿ ನೋಡಿ. ಕೆಲವರಿಗೆ ಈ ವಿಡಿಯೋ ಇಲ್ಲಿಗೇ ಮುಗಿಯಬಹುದು.

ಇನ್ನೊಂದು ಪುಕ್ಕಟೆ ಉಪಾಯ. ಮೊಬೈಲಿನ ಫ್ರೇಮ್ ದರ ಏರಿಳಿಯುತ್ತಿರುತ್ತದೆ. ಧ್ವನಿಯನ್ನು ಬೇರೆ ರೆಕಾರ್ಡರಿನಲ್ಲಿ ಹಿಡಿದರೆ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಹೆಜ್ಜೆ ಒಂದು ಕಡೆ, ಚಂಡೆಯ ಪೆಟ್ಟು ಇನ್ನೊಂದು ಕಡೆ ಆಗಿಬಿಡುತ್ತದೆ. ಇದನ್ನು ಕಂಪ್ಯೂಟರಿನ ದೋಷವೆಂದು ತಿಳಿದು ರ‍್ಯಾಮ್ ಹೆಚ್ಚಿಸಿದವರನ್ನು ಕಂಡಿದ್ದೇನೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಸ್ಥಿರ ಫ್ರೇಮ್ ದರಕ್ಕೆ ಬದಲಿಸಿಕೊಂಡರೆ ಸರಿಹೋಗುತ್ತದೆ.

[ದೃಶ್ಯ: ರ‍್ಯಾಮ್ ಸ್ಟಿಕ್ ಮದರ್‌ಬೋರ್ಡಿಗೆ ಕೂರುವ ಸದ್ದು, ಹತ್ತಿರದಿಂದ.]

ರ‍್ಯಾಮ್. 16 ಜಿಬಿಗಿಂತ ಕಡಿಮೆ ಬೇಡವೇ ಬೇಡ, 32 ಇದ್ದರೆ ನೆಮ್ಮದಿ. 2025ರ ಕೊನೆಯಿಂದ ಇದರ ಬೆಲೆ ಸಿಕ್ಕಾಪಟ್ಟೆ ಏರಿದೆ, ಕಾರಣ ಎಐ ಡೇಟಾ ಸೆಂಟರುಗಳ ಹಸಿವು. ಮೈಕ್ರಾನ್ ಕಂಪನಿಯಂತೂ ಆ ಡಿಸೆಂಬರಿನಲ್ಲಿ, ನಮ್ಮಂಥವರಿಗೆ ಕ್ರೂಶಿಯಲ್ ಹೆಸರಿನಲ್ಲಿ ಮಾರುತ್ತಿದ್ದ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಅದಕ್ಕೇ ಈ ವಿಡಿಯೋದಲ್ಲಿ ಬಿಡಿಭಾಗಗಳ ಬೆಲೆಪಟ್ಟಿ ಹಾಕಿಲ್ಲ, ಇವತ್ತು ಹಾಕಿದ್ದು ನೀವು ನೋಡುವ ಹೊತ್ತಿಗೆ ಸುಳ್ಳಾಗಿರುತ್ತದೆ. 12400, 12500 ಸೇರಿದ ಇಂಟೆಲ್ 12ನೆಯ ತಲೆಮಾರು ಡಿಡಿಆರ್4, ಡಿಡಿಆರ್5 ಎಂಬ ಎರಡೂ ಬಗೆಯ ರ‍್ಯಾಮಿಗೆ ಒಗ್ಗುತ್ತದೆ, ಬೋರ್ಡ್ ಯಾವುದಕ್ಕೆ ಮಾಡಿದ್ದೋ ಅದು ಮಾತ್ರ ಕೂರುತ್ತದೆ. ನೀವು ಅಂಗಡಿಗೆ ಹೋದ ದಿನ ಯಾವುದು ಅಗ್ಗವೋ ಅದು. ಎಚ್610 ಎಂಬ ಅಗ್ಗದ ಬಗೆಯ ಬೋರ್ಡುಗಳಲ್ಲಿ ಸ್ಲಾಟ್ ಎರಡೇ. ಎರಡು ಎಂಟು ಜಿಬಿ ಹಾಕಿಸಿಕೊಂಡರೆ ಇವತ್ತು ವೇಗ ಸ್ವಲ್ಪ ಹೆಚ್ಚು, ನಿಜ. ಆದರೆ ನಾಳೆ ಹೆಚ್ಚಿಸಬೇಕೆಂದರೆ ಎರಡನ್ನೂ ಕಿತ್ತೆಸೆಯಬೇಕು. ನನ್ನ ಮಾತು ಕೇಳುವುದಾದರೆ ಹದಿನಾರರ ಒಂದೇ ಸ್ಟಿಕ್ ಹಾಕಿಸಿ, ಪಕ್ಕದ ಸ್ಲಾಟ್ ಖಾಲಿ ಬಿಡಿ. ದೀಪಾವಳಿಗೋ ಮದುವೆ ಸೀಸನ್ ಮುಗಿದ ಮೇಲೋ ಇನ್ನೊಂದು ಬರುತ್ತದೆ.

ಎಸ್‌ಎಸ್‌ಡಿ ವಿಷಯದಲ್ಲಿ ವೇಗದ ಅಂಕಿ ತೋರಿಸಿ ಹೆದರಿಸುತ್ತಾರೆ. ನೀವೇ ಲೆಕ್ಕ ಹಾಕಿ. ಸೆಕೆಂಡಿಗೆ 50 ಮೆಗಾಬಿಟ್‌ನ 4ಕೆ ಕ್ಲಿಪ್ ಎಂದರೆ ಸೆಕೆಂಡಿಗೆ ಸುಮಾರು ಆರು ಮೆಗಾಬೈಟ್. ಸಾಮಾನ್ಯ ಸಾಟಾ ಎಸ್‌ಎಸ್‌ಡಿಯೇ 500 ಮೆಗಾಬೈಟಿಗಿಂತ ಹೆಚ್ಚು ಓದುತ್ತದೆ. ಸೆಕೆಂಡಿಗೆ 7000 ಮೆಗಾಬೈಟ್ ಓದುವ ಎನ್‌ವಿಎಂಇಗೆ ಹಣ ಸುರಿಯಬೇಡಿ, ಅದೇ ಹಣದಲ್ಲಿ ಜಾಗ ಹೆಚ್ಚಿಸಿ. ಆ ಲೆಕ್ಕದಲ್ಲಿ ಗಂಟೆಗೆ 22 ಜಿಬಿ. ಎಂಟು ಗಂಟೆಯ ಯಕ್ಷಗಾನದ ಆಟವೊಂದನ್ನು ಬೆಳಗಿನವರೆಗೆ ಒಂದೇ ಕ್ಯಾಮೆರಾದಲ್ಲಿ ಹಿಡಿದರೆ 180 ಜಿಬಿ. ವಿಂಡೋಸಿಗೆ ಮತ್ತು ಈಗಿನ ಕೆಲಸಕ್ಕೆ ಎಸ್‌ಎಸ್‌ಡಿ, ಮುಗಿದ ಕೆಲಸಕ್ಕೆ ಹಾರ್ಡ್ ಡಿಸ್ಕ್. ಗಿರಾಕಿಗಳು ಎರಡು ವರ್ಷದ ಮೇಲೆ ಬಂದು ಮಗಳ ಮದುವೆಯ ಧಾರೆಯ ಕ್ಲಿಪ್ ಕೇಳುತ್ತಾರೆ, ಆಗ ಇದರ ಬೆಲೆ ತಿಳಿಯುತ್ತದೆ.

ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ವಿದ್ಯುತ್ ಹಂಚುವ ಡಬ್ಬಿ, ಅದರ ಬಗ್ಗೆ ಚೌಕಾಶಿ ಬೇಡ. ಕ್ಯಾಬಿನೆಟ್ ಜೊತೆಗೆ ಪುಕ್ಕಟೆ ಬರುವ 450 ವ್ಯಾಟ್ ಎಂಬ ಚೀಟಿ ಅಂಟಿಸಿದ ಡಬ್ಬಿಯನ್ನು ಅಲ್ಲೇ ಬಿಟ್ಟು ಬನ್ನಿ. 80 ಪ್ಲಸ್ ಗುರುತಿರುವ, ಹೆಸರಿರುವ ಕಂಪನಿಯದ್ದು ತೆಗೆದುಕೊಳ್ಳಿ. ಹಳ್ಳಿಯಲ್ಲಿರುವವರು ಯುಪಿಎಸ್ ಮತ್ತು ಸರಿಯಾದ ಅರ್ಥಿಂಗ್ ಎರಡನ್ನೂ ಕಂಪ್ಯೂಟರಿನ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಿ. ಮಳೆಗಾಲದಲ್ಲಿ ದಿನಕ್ಕೆ ಆರು ಸಲ ಕರೆಂಟ್ ಹೋಗುವ ಊರಿನಲ್ಲಿ ಕುಳಿತು ಇದನ್ನು ಹೇಳುತ್ತಿದ್ದೇನೆ. ಮಾನಿಟರ್ 24 ಇಂಚಿನ ಐಪಿಎಸ್, 1080 ಸಾಕು.

[ದೃಶ್ಯ: ಸಾಲಾಗಿ ಪೇರಿಸಿದ ಹಳೆಯ ಕಚೇರಿ ಕಂಪ್ಯೂಟರುಗಳು.]

ಇಪ್ಪತ್ತು ಸಾವಿರ ಮಾತ್ರ ಇದೆ ಎನ್ನುವವರಿಗೆ ಇನ್ನೊಂದು ದಾರಿ. ಐಟಿ ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಯಂತ್ರಗಳು ಸೆಕೆಂಡ್ ಹ್ಯಾಂಡ್ ಸಿಗುತ್ತವೆ. ಐ5-8500 ಇರುವುದನ್ನು ಹುಡುಕಿ. ಅದಕ್ಕಿಂತ ಹಿಂದಿನ ತಲೆಮಾರಿಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ, ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 8500 ಮೊಬೈಲಿನ ಎಚ್‌ಇವಿಸಿ ಚೆನ್ನಾಗಿಯೇ ಓದುತ್ತದೆ. ಒಂದೇ ಎಚ್ಚರಿಕೆ: ತೆಳ್ಳಗಿನ ಡಬ್ಬಿಯದ್ದನ್ನು ತೆಗೆದುಕೊಂಡರೆ ಮುಂದೆ ಗಿಡ್ಡ ಗ್ರಾಫಿಕ್ಸ್ ಕಾರ್ಡ್ ಮಾತ್ರ ಅದರೊಳಗೆ ಕೂರುತ್ತದೆ. ಅದರ ಎಸ್‌ಎಂಪಿಎಸ್ ಕೂಡ ಆ ಕಂಪನಿಯದ್ದೇ ಅಳತೆ, ಕೆಟ್ಟರೆ ಬೇರೆ ಕೂರುವುದಿಲ್ಲ.

'ಮ್ಯಾಕ್ ಮಿನಿ ಯಾಕೆ ಬೇಡ?' ಎಂದು ಕಮೆಂಟ್ ಬರೆಯಲು ನಿಮ್ಮ ಬೆರಳು ತುದಿಗಾಲಲ್ಲಿ ನಿಂತಿರುತ್ತದೆ, ಗೊತ್ತು. ಬೇಡ ಎನ್ನುವುದಿಲ್ಲ. ಎಂ4 ಮ್ಯಾಕ್ ಮಿನಿ 2024ರಲ್ಲಿ 59,900 ರೂಪಾಯಿಗೆ ಬಂದಾಗ ನಾನೂ ಒಂದು ವಾರ ನಿದ್ದೆಗೆಟ್ಟೆ. 4:2:2 ಸಮೇತ ಎಲ್ಲವನ್ನೂ ಅದು ಸದ್ದಿಲ್ಲದೆ ಓದುತ್ತದೆ. ಆದರೆ ಒಳಗಿನ ಜಾಗ 256 ಜಿಬಿ, ಅಂದರೆ ನಮ್ಮ ಒಂದು ಆಟ ಮತ್ತು ಸ್ವಲ್ಪ. ಹೊರಗಿನ ಡಿಸ್ಕ್, ಮಾನಿಟರ್, ಕೀಬೋರ್ಡ್ ಎಲ್ಲ ಬೇರೆ. ರ‍್ಯಾಮ್ ಮುಂದೆ ಹೆಚ್ಚಿಸುವ ಮಾತಿಲ್ಲ. ಮನೆಯಲ್ಲಿ ಮಾನಿಟರ್ ಮೊದಲೇ ಇದ್ದರೆ ಅದನ್ನೇ ತೆಗೆದುಕೊಳ್ಳಿ, ನನ್ನ ಕೋಪವಿಲ್ಲ.

ಗ್ರಾಫಿಕ್ಸ್ ಕಾರ್ಡಿಗೆ ಮರಳಿ ಬರೋಣ. ಬಣ್ಣ ತಿದ್ದುವುದು, ಎಫೆಕ್ಟ್‌ಗಳು, ರಿಸಾಲ್ವ್‌ನಲ್ಲಿ ಭಾರದ ಕೆಲಸ ಹೆಚ್ಚಾದಾಗ ಅದು ಬೇಕಾಗುತ್ತದೆ. ಆಗ ಆರ್‌ಟಿಎಕ್ಸ್ 3050ರ ಆರು ಜಿಬಿ ಕಾರ್ಡ್ ನೋಡಿ. 70 ವ್ಯಾಟ್ ಅಷ್ಟೇ ಎಳೆಯುತ್ತದೆ, ಬೇರೆ ವಿದ್ಯುತ್ ತಂತಿ ಬೇಡ. ಅದು ಎರಡನೆಯ ವರ್ಷದ ಖರ್ಚು. ಕನ್ನಡದ ಶೀರ್ಷಿಕೆಯಲ್ಲಿ ಒತ್ತಕ್ಷರ ಒಡೆದುಹೋಗುವ ಕಾಯಿಲೆಗೆ ಮಾತ್ರ ಯಾವ ಕಾರ್ಡೂ ಮದ್ದಲ್ಲ. ಅಡೋಬ್ ಪ್ರೀಮಿಯರ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನಲ್ಲಾದರೆ ಗ್ರಾಫಿಕ್ಸ್ ಸೆಟ್ಟಿಂಗಿಗೆ ಹೋಗಿ ಅಕ್ಷರ ಜೋಡಣೆಯನ್ನು ದಕ್ಷಿಣ ಏಷ್ಯಾದ ಲಿಪಿಗಳಿಗೆ ಬದಲಿಸಿ.

[ದೃಶ್ಯ: ಜನಜಂಗುಳಿಯ ಎಸ್.ಪಿ. ರಸ್ತೆ. ತಲೆಯ ಮೇಲೆ ಡಬ್ಬಿ ಹೊತ್ತು ನಡೆಯುವ ಕೂಲಿಯವರು.]

ಅಂಗಡಿಯಲ್ಲಿ ಮಾಡಬೇಕಾದ್ದು ಎರಡು. ಜಿಎಸ್‌ಟಿ ಬಿಲ್ಲು ಕೇಳಿ, ಪ್ರತಿ ಭಾಗದ ಸೀರಿಯಲ್ ಸಂಖ್ಯೆ ಅದರಲ್ಲಿ ಬರಲಿ. ಬಿಲ್ಲಿಲ್ಲದೆ ಕಡಿಮೆಗೆ ಕೊಡುತ್ತೇನೆ ಎಂದವರು ವಾರಂಟಿಯ ದಿನ ಗುರುತು ಹಿಡಿಯುವುದಿಲ್ಲ. ಎರಡನೆಯದು, ನಿಮ್ಮ ಕ್ಲಿಪ್ಪನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಜೋಡಿಸಿದ ಮೇಲೆ ಅಲ್ಲೇ ಓಡಿಸಿ, ಹಿಂದಕ್ಕೆ ಮುಂದಕ್ಕೆ ಎಳೆದು ನೋಡಿ, ಆಮೇಲೆ ಹಣ ಎಣಿಸಿ.

ಎರಡನೆಯ ಸಲ ನಾನು ಹಾಗೆಯೇ ಮಾಡಿದೆ. ಬೇರೆ ಅಂಗಡಿ, ಎಫ್ ಇಲ್ಲದ ಪ್ರೊಸೆಸರ್, ಕಾರ್ಡೇ ಇಲ್ಲ. ಅದೇ ನಲವತ್ತು ಸೆಕೆಂಡಿನ ಕ್ಲಿಪ್ ಹಾಕಿದೆ. ವೇಷಧಾರಿ ಎಲ್ಲೂ ನಿಲ್ಲದೆ ಸುತ್ತು ಮುಗಿಸಿದ. ಗಲ್ಲಾಪೆಟ್ಟಿಗೆಯಲ್ಲಿ ಕುಳಿತಿದ್ದ ಹಿರಿಯರು ಕನ್ನಡಕ ಮೇಲೇರಿಸಿ, 'ಇನ್ನೊಂದು ಸಲ ಹಾಕಿ. ಇದು ಯಾವ ಮೇಳ?' ಎಂದು ಕೇಳಿದರು.