ಹೊಸ್ತಿಲಿಂದ ಹೊಸ್ತಿಲಿಗೆ ಎಷ್ಟು ತಾಸು?

ಕೇಳುಗರೆಲ್ಲರಿಗೂ ಶರಣು ಶರಣಾರ್ಥಿ.

ಕಲಬುರಗಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು ಅಂತ ಕೇಳಿದರೆ ಎಲ್ಲರೂ "ಒಂದು ತಾಸು" ಅಂತಾರೆ. 2019ರ ನವೆಂಬರ್ 22ರಂದು ನಮ್ಮ ವಿಮಾನ ನಿಲ್ದಾಣ ಶುರುವಾದಾಗಿನಿಂದ ಈ ಮಾತು ಬಾಯಿಗೆ ಬಂದುಬಿಟ್ಟಿದೆ. ನಾನೂ ಅವ್ವನಿಗೆ ಹಾಗೇ ಹೇಳಿದ್ದೆ. ಅವಳಿಗೆ ಸಕ್ಕರೆ ಕಾಯಿಲೆ, ಮೊಣಕಾಲು ನೋವು ಬೇರೆ.

ಮೊದಲು ದೂರ ನೋಡೋಣ. ಮಕ್ಕಳ ಅಟ್ಲಾಸ್ ಸಾಕು. ಕಲಬುರಗಿ ಇರುವುದು 17.3 ಡಿಗ್ರಿ ಅಕ್ಷಾಂಶದಲ್ಲಿ, ದೇವನಹಳ್ಳಿ ನಿಲ್ದಾಣ 13.2ರಲ್ಲಿ. ನಡುವೆ 4.1 ಡಿಗ್ರಿ. ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರ್. ಬೆಂಗಳೂರು ಸ್ವಲ್ಪ ಪೂರ್ವಕ್ಕೆ ಇದೆ, ಅದನ್ನೂ ಸೇರಿಸಿದರೆ ನೇರ ದೂರ 460ರ ಆಸುಪಾಸು. ರಸ್ತೆಯಲ್ಲಾದರೆ 600ರ ಹತ್ತಿರ.

ಜೆಟ್ ವಿಮಾನ ತಾಸಿಗೆ 800 ಕಿಲೋಮೀಟರ್ ಹಾರುತ್ತದೆ. ಹಾಗಾದರೆ ಅರ್ಧ ತಾಸು ಸಾಕಲ್ವಾ? ಸಾಲದು. ಆ ವೇಗ ಸಿಗುವುದು ಮೇಲೆ ಏರಿದ ಮೇಲೆ. ಏರುವಾಗ, ಇಳಿಯುವಾಗ ವೇಗ ಕಡಿಮೆ. ಟಿಕೆಟ್‌ನಲ್ಲಿರುವ ಸಮಯವೋ, ವಿಮಾನ ನಿಂತ ಜಾಗದಿಂದ ಕದಲಿದಾಗಿನಿಂದ ಆ ಕಡೆ ಹೋಗಿ ನಿಲ್ಲುವವರೆಗಿನದು. ಅದಕ್ಕೇ ಒಂದು ತಾಸಿನ ಮೇಲಾಗುತ್ತದೆ.

ನಾವು ಮನೆ ಬಿಟ್ಟಿದ್ದು ಬೆಳಿಗ್ಗೆ ಒಂಬತ್ತಕ್ಕೆ. ಶ್ರೀನಿವಾಸ ಸರಡಗಿ ಹತ್ತಿರದ ನಿಲ್ದಾಣಕ್ಕೆ ಹೋಗಬೇಕು. ಹೊರಡುವ ಒಂದು ತಾಸು ಮೊದಲೇ ಕೌಂಟರ್ ಮುಚ್ಚುತ್ತಾರೆ. ವಿಮಾನದ ಮೆಟ್ಟಿಲನ್ನು ಅವ್ವ ಸೀರೆ ನೆರಿಗೆ ಮುಷ್ಟಿಯಲ್ಲಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಊರಿ ಹತ್ತಿದಳು. ಟಿಕೆಟ್ ಮಾಡಿಸುವಾಗಲೇ ವೀಲ್‌ಚೇರ್ ಬೇಕು ಅಂತ ನಾನು ಹೇಳಬೇಕಿತ್ತು. ನೀವು ತಪ್ಪದೆ ಹೇಳಿ.

ದೇವನಹಳ್ಳಿಯಲ್ಲಿ ಇಳಿದಾಗ ಮಧ್ಯಾಹ್ನ ಒಂದಾಗುತ್ತಾ ಬಂದಿತ್ತು. ಅದು ಅವಳ ಊಟದ ಹೊತ್ತು. ಗುಳಿಗೆ ಮಾತ್ರ ದೊಡ್ಡ ಚೀಲದಲ್ಲಿ. ಚೀಲ ಬರುವವರೆಗೆ ಕಾದು, ಟ್ರಾಫಿಕ್ ದಾಟಿ ಜಯನಗರದ ತಮ್ಮನ ಮನೆ ಮುಟ್ಟಿದಾಗ ಮೂರು ಗಂಟೆ. ಅವ್ವನ ಕೈ ನಡುಗುತ್ತಿತ್ತು. "ಒಂದ್ ತಾಸು ಅಂದಿದ್ದಿ, ಆರ್ ತಾಸ್ ಆತಲ್ಲೋ" ಅಂದಳು. ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ.

ಹಾಗಂತ ವಿಮಾನ ಬೇಡ ಅನ್ನುವುದಿಲ್ಲ. ರೈಲಿಗೆ ಹತ್ತು ತಾಸು ಬೇಕು, 2024ರ ಮಾರ್ಚ್‌ನಲ್ಲಿ ಶುರುವಾದ ವಂದೇ ಭಾರತ್‌ಗೂ ಒಂಬತ್ತು ತಾಸಿನ ಹತ್ತಿರ. ಮರುದಿನ ಬೆಳಿಗ್ಗೆ ಕೆಲಸ ಇರುವವರಿಗೆ ರಾತ್ರಿ ರೈಲೇ ಒಳ್ಳೆಯದು, ಮಲಗಿಕೊಂಡು ಹೋಗಬಹುದು. ಕಾಲು ನೋವಿನ ಹಿರಿಯರಿಗೆ, ವಿಮಾನ ಹಾರಾಟ ಇದ್ದರೆ, ನಾನು ವಿಮಾನವೇ ಅಂತೀನಿ. ಆದರೆ ಲೆಕ್ಕ ಮನೆಯ ಹೊಸ್ತಿಲಿಂದ ಹಾಕಿ, ಟಿಕೆಟ್ ನೋಡಿ ಅಲ್ಲ.

ವಾಪಸ್ ಬರುವಾಗ "ಅವ್ವಾ, ಏಳು ತಾಸು" ಅಂತ ಮೊದಲೇ ಹೇಳಿದೆ. ಅವಳು ಎರಡು ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಬಟ್ಟೆಯಲ್ಲಿ ಸುತ್ತಿದಳು. ಗುಳಿಗೆ ಡಬ್ಬಿಯನ್ನು ಕೈಚೀಲದಲ್ಲಿ ಮೇಲೇ ಇಟ್ಟುಕೊಂಡಳು.

ನಮಸ್ಕಾರ.